ಪರಮಪದದ ಪಟಕ್ಕೆ ಬೂಷ್ಟು ಹಿಡಿದಾಗ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಮಕ್ಕಳು ಮನೆಯೊಳಗೇ ಬಂಧಿಗಳು. ಶಾಲೆಗೆ ರಜೆ ಕೊಟ್ಟ ದಿನವಂತೂ ಚೌಕಾಬಾರ, ಚನ್ನೆಮಣೆ, ಹಾವು–ಏಣಿ ಎಲ್ಲವೂ ಜಗಲಿಗೆ ಬರುತ್ತವೆ. ಚನ್ನೆಮಣೆ ಮರದ್ದು, ಚೌಕಾಬಾರಕ್ಕೆ ಸೀಮೆಸುಣ್ಣದ ಗೆರೆ ಸಾಕು. ಕಷ್ಟವೆಲ್ಲ ಕಾಗದದ ಪಟಗಳಿಗೆ, ಅಂದರೆ ಹಾವು–ಏಣಿಗೆ ಮತ್ತು ಅದರ ಹಿರಿಯಕ್ಕನಾದ ಪರಮಪದ ಸೋಪಾನಕ್ಕೆ.

ನಮ್ಮ ಮನೆಯಲ್ಲೂ ಅಂಥದೊಂದು ಪಟವಿದೆ. ಅಜ್ಜ ಸಾಗರದ ಮಾರಿಜಾತ್ರೆಯಲ್ಲಿ ಕೊಂಡು ತಂದದ್ದು. ವೈಕುಂಠ ಏಕಾದಶಿಯ ಜಾಗರಣೆಗೆ ಅದನ್ನು ಹಾಸಿ ಕವಡೆ ಹಾಕುತ್ತಿದ್ದರು. ಪರಮಪದ ಮುಟ್ಟಿದವರ ಹೆಸರನ್ನೂ ಆ ಸಂವತ್ಸರವನ್ನೂ ಅಜ್ಜಿ ಪಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಮಡಿಕೆಯಲ್ಲಿ ಹರಿದಿದ್ದ ಆ ಪಟವನ್ನು 'ರಕ್ಷಿಸಲು' ಹೋಗಿ 1989ರಲ್ಲಿ ಕೆಡಿಸಿದವನು ನಾನೇ. ಆಗ ಬಿಎಸ್ಸಿ ಓದುತ್ತಿದ್ದೆ. ರಸಾಯನಶಾಸ್ತ್ರ ಬಲ್ಲೆನೆಂಬ ಜಂಬ ಬೇರೆ. ಹಿಂದೆ ಮುಂದೆ ಎರಡೂ ಕಡೆ ಸೆಲ್ಲೋಟೇಪ್ ಹಚ್ಚಿಬಿಟ್ಟೆ.

ಕೆಲವು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಟೇಪಿನ ಅಂಟು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಹಳದಿಯಾಯಿತು, ಕಾಗದದ ನಾರುಗಳೊಳಗೆ ಇಳಿಯಿತು, ಕಂದು ಕಲೆಯಾಗಿ ನಿಂತಿತು. ಪಟ್ಟಿಯನ್ನು ಎಳೆದು ತೆಗೆಯಲು ಹೋದೆ. ಅದರ ಜೊತೆ ಕಾಗದದ ಮೇಲ್ಪದರವೂ ಎದ್ದು ಬಂತು, ಅಜ್ಜಿ ಬರೆದ ಎರಡು ಹೆಸರುಗಳೂ ಹೋದವು.

ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ಹೆಣಿಗೆ. ಬಟ್ಟೆಯ ಚಿಂದಿಯಿಂದ ಮಾಡಿದ ಹಳೆಯ ಕಾಗದ ಶತಮಾನಗಟ್ಟಲೆ ಬಾಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ತಿರುಳಿನ ಅಗ್ಗದ ಕಾಗದ ಬಂತು. ಅದರಲ್ಲಿ ಉಳಿಯುವ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ, ಸೇರಿಸಿದ ಪಟಿಕದಿಂದ ಹುಟ್ಟುವ ಆಮ್ಲ ನಾರುಗಳನ್ನು ಕತ್ತರಿಸುತ್ತದೆ. ಜಾತ್ರೆಯ ಪಟಗಳು ಇದೇ ಜಾತಿಯವು. ಸಾಲದ್ದಕ್ಕೆ ನಮ್ಮ ಹವೆ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65–70ನ್ನು ದಾಟಿದರೆ ಬೂಷ್ಟಿಗೆ ಅನುಕೂಲ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅದು ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಜೊತೆಗೆ ಪಿಷ್ಟದ ಆಸೆಗೆ ಬರುವ ಬೆಳ್ಳಿಬಣ್ಣದ ಸಿಲ್ವರ್‌ಫಿಶ್ ಹುಳು, ಗೋಡೆ ಹಿಡಿದು ಬರುವ ಗೆದ್ದಲು.

ಹಿರಿಯರು ಇಂಥವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಅಲ್ಲಿ ಬೂಷ್ಟು ಬರದು, ನಿಜ. ಆದರೆ ಹೊಗೆಯ ಮಸಿ ಕೂರುತ್ತದೆ, ಕಾವಿಗೆ ಕಾಗದ ಹಪ್ಪಳದಂತಾಗುತ್ತದೆ. ಅಡಿಕೆಗೆ ಒಪ್ಪಿದ್ದು ಕಾಗದಕ್ಕೆ ಒಪ್ಪಬೇಕೆಂದಿಲ್ಲ. ಈಗಿನವರ ಮದ್ದು ಲ್ಯಾಮಿನೇಷನ್. ಬಿಸಿಯಲ್ಲಿ ಕರಗಿಸಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಒಳಗೆ ಸಿಕ್ಕ ಆಮ್ಲ ತನ್ನ ಕೆಲಸ ನಿಲ್ಲಿಸದು. ಅಂಗಡಿಯಿಂದ ತಂದ ಹೊಸ ಹಾವು–ಏಣಿಗೆ ಧಾರಾಳವಾಗಿ ಮಾಡಿಸಿ, ಹಳೆಯದಕ್ಕೆ ಬೇಡ.

ಹಾಗಾದರೆ ಆಡುವುದು ಹೇಗೆ? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೆನೆಯಬೇಕು. 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತ ಕಸಿದುಕೊಂಡರು. ಅದಕ್ಕೆ ನೆಪವಾದದ್ದು ನಮ್ಮ ಹೊಸನಗರ ತಾಲ್ಲೂಕಿನ ನಗರದ ದಂಗೆ! ಆಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಅರಸರು ಕಲೆ, ಗ್ರಂಥರಚನೆಗಳಲ್ಲಿ ತೊಡಗಿದರು, ಮಣೆಯಾಟಗಳನ್ನೂ ಹೊಸೆದರು. 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗವಿದೆ. ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಪಟಗಳನ್ನು ಬರೆಸಿದರು. ಗೋಡೆಯನ್ನು ಯಾರೂ ಮಡಿಸಲಾರರಷ್ಟೆ.

ನಮಗೆ ಮಡಿಸುವುದು ಬೇಕು. ಅದಕ್ಕೂ ಉಪಾಯವಿದೆ, ಹಳೆಯ ಭೂಮಾಪನ ನಕ್ಷೆಗಳಲ್ಲಿ. ಕುದುರೆಯ ಮೇಲೆ ಒಯ್ಯಬೇಕಾದ ನಕ್ಷೆಯನ್ನು ತುಂಡುಗಳಾಗಿ ಕತ್ತರಿಸಿ, ತುಂಡು ತುಂಡಿನ ನಡುವೆ ಸಣ್ಣ ಸಂದು ಬಿಟ್ಟು ಬಟ್ಟೆಗೆ ಅಂಟಿಸುತ್ತಿದ್ದರು. ಮಡಿಕೆ ಬೀಳುವುದು ಬಟ್ಟೆಯ ಮೇಲೆ, ಕಾಗದದ ಮೇಲಲ್ಲ. ನಾವೂ ಪಟದ ಫೋಟೊ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆವು. ಮನೆಗಳ ಗೆರೆಯ ಮೇಲೇ ನಾಲ್ಕು ತುಂಡು ಮಾಡಿ, ಒಗೆದು ಒಣಗಿಸಿದ ಹಳೆಯ ಪಂಚೆಯ ಮೇಲೆ ಎರಡೆರಡು ಮಿಲಿಮೀಟರ್ ಸಂದು ಬಿಟ್ಟು ಮೈದಾ ಗಂಜಿಯಿಂದ ಅಂಟಿಸಿದೆವು. ಆಟವೆಲ್ಲ ಇನ್ನು ಇದರ ಮೇಲೆ. ಒಂದು ಮಳೆಯ ಮಧ್ಯಾಹ್ನದಲ್ಲಿ ಮಕ್ಕಳೇ ಮಾಡಿ ಮುಗಿಸುವ ಕೆಲಸ.

ಗಂಜಿಗೆ ಹುಳು ಬಾರದಿರಲೆಂದು ಕೆಲವರು ಮೈಲುತುತ್ತ ಬೆರೆಸುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಯ ಮಕ್ಕಳಿಗೆ ಇದರ ದೋಷ ಬೇಗ ತಿಳಿಯುತ್ತದೆ. ಬರೀ ಮೈಲುತುತ್ತದ ನೀರು ಆಮ್ಲೀಯ, ಅಡಿಕೆಯ ಎಳೆಗೊನೆಯನ್ನು ಸುಡುತ್ತದೆ. ಅದಕ್ಕೇ ಸುಣ್ಣ ಬೆರೆಸಿ ಲಿಟ್ಮಸ್ ಕಾಗದದಿಂದ ಪರೀಕ್ಷಿಸುವುದು. ಕಾಗದಕ್ಕೂ ಆ ಆಮ್ಲ ಶತ್ರುವೇ. ಅಮೆರಿಕದ ವಿಲಿಯಂ ಬ್ಯಾರೋ ಕಳೆದ ಶತಮಾನದಲ್ಲಿ ಹಳೆಯ ದಾಖಲೆಗಳ ಆಮ್ಲ ಕಳೆಯಲು ಬಳಸಿದ್ದೂ ಸುಣ್ಣದ ನೀರನ್ನೇ! ಹಾಗೆಂದು ಮನೆಯಲ್ಲಿ ಪಟವನ್ನು ಸುಣ್ಣದ ತಿಳಿಯಲ್ಲಿ ಅದ್ದಬೇಡಿ, ಬಣ್ಣ ಹರಿದುಹೋದೀತು. ಅದು ಪರಿಣತರ ಕೆಲಸ.

ಮೂಲ ಪಟಕ್ಕೆ ಬೇಕಾದ್ದು ಸ್ವಲ್ಪವೇ. ಮಡಿಕೆ ಬಿಡಿಸಿ, ಎರಡು ಸ್ವಚ್ಛ ಬಿಳಿ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ. ಪತ್ರಿಕೆಯ ಕಾಗದ ಬೇಡ, ಅದರ ಆಮ್ಲ ಪಟಕ್ಕೂ ಇಳಿಯುತ್ತದೆ. ನೀವೀಗ ಓದುತ್ತಿರುವ ಈ ಪುರವಣಿಯೂ ಇದಕ್ಕೆ ಹೊರತಲ್ಲ. ಪ್ಲಾಸ್ಟಿಕ್ ಬೇಕೆಂದರೆ ಪಾಲಿಯೆಸ್ಟರ್ ಹಾಳೆ ತಂದು ಒಂದು ಬದಿ ತೆರೆದಿಡಿ. ಪಿವಿಸಿ ಕೂಡದು. ಕಪಾಟು ಹೊರಗೋಡೆಗೆ ತಾಗದಿರಲಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಬಹುದು. ಹಳೆಯ ಬಗೆಯ ಹರಳು ಒಣಗಿದ್ದಾಗ ನೀಲಿ, ತೇವ ಹೀರಿದಾಗ ಗುಲಾಬಿ. ಕೋಬಾಲ್ಟ್ ಕ್ಲೋರೈಡಿನ ಈ ಗುಣ ಪಾಠದಲ್ಲಿ ಓದಿದ್ದೇ. ಆ ಕೋಬಾಲ್ಟ್ ವಿಷವಾದ್ದರಿಂದ ಈಗ ಕಿತ್ತಳೆ ಬಣ್ಣದ ಹರಳು ಬಂದಿದೆ, ಅದನ್ನೇ ಕೊಳ್ಳಿ. ನುಸಿಗುಳಿಗೆಯಿಂದ ಬೂಷ್ಟು ಹೋಗದು, ಅದರ ಆವಿ ಕೂಸುಗಳಿರುವ ಮನೆಗೆ ಒಳ್ಳೆಯದೂ ಅಲ್ಲ. ಮಳೆಗಾಲ ಮುಗಿದ ಮೇಲೆ ಗಾಳಿಯಾಡುವ ನೆರಳಿನಲ್ಲಿ ಹರವಿ, ಬಿಸಿಲಿನಲ್ಲಲ್ಲ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ; ಪೂರ್ತಿ ಒಣಗಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗಡೆ ಮೆತ್ತನೆಯ ಕುಂಚದಿಂದ ಉದುರಿಸಿ.

ಕಳೆದ ಏಕಾದಶಿಗೆ ನಾವು ಆಡಿದ್ದು ಪಂಚೆಯ ಪಟದ ಮೇಲೆ. ಗೆದ್ದವಳು ಏಳನೇ ತರಗತಿಯ ನನ್ನ ತಂಗಿಯ ಮಗಳು. ಹೆಸರನ್ನು ಅಜ್ಜಿಯ ಪಟದಲ್ಲೇ ಬರೆಯಬೇಕೆಂದು ಹಟ ಹಿಡಿದಳು. ಪೆನ್ಸಿಲಿನ ಗ್ರಾಫೈಟ್ ಹರಿಯದು, ಮಾಸದು, ಕಾಗದವನ್ನು ತಿನ್ನದು. ಅಂಚಿನಲ್ಲಿ ಕಲೆಯಿಲ್ಲದ ಜಾಗ ಹುಡುಕಿ ಬರೆಯಲು ಬಿಟ್ಟೆ.