ಮದ್ದಿಗೊಂದು ಹದ

ನಮ್ಮ ಭಾಷೆಯಲ್ಲಿ ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಎರಡಕ್ಕೂ ಒಂದೇ ಹೆಸರಿಟ್ಟ ಹಿರಿಯರ ಜಾಣ್ಮೆ ನನಗೆ ತಿಳಿದದ್ದು ಕಳೆದ ಬೇಸಿಗೆಯಲ್ಲಿ.

ಅಮೆರಿಕದ ಟೆಕ್ಸಾಸಿನಲ್ಲಿರುವ ನನ್ನ ಅಕ್ಕನ ಮಗ ರಜಕ್ಕೆಂದು ಚೆನ್ನೈಗೆ ಬಂದಿದ್ದ. ರಾತ್ರಿ ಊಟವಾದ ಮೇಲೆ ತನ್ನ ಹವ್ಯಾಸದ ಸುದ್ದಿ ತೆಗೆದ. ಪಿಸ್ತೂಲು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ತೋಟಾವನ್ನು ಎಸೆಯದೆ, ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಸೇರಿಸಿ ಮತ್ತೆ ಬಳಸುವುದು ಅಲ್ಲಿ ಅನೇಕರಿಗೆ ಬಿಡುವಿನ ಕೆಲಸವಂತೆ. ಹದಿನೈದು ವಯಸ್ಸಿನ ನನ್ನ ಮಗ ಕಣ್ಣರಳಿಸಿ, "ಎಲ್ಲಕ್ಕಿಂತ ಜೋರಾದ ಮದ್ದು ಯಾವುದು, ಭಾವ?" ಎಂದ.

"ಜೋರು ಕೇಳಬಾರದಪ್ಪ, ಹದ ಕೇಳಬೇಕು" ಎಂದ ಅಳಿಯ.

ಅವನು ಹೇಳಿದ್ದರ ಸಾರ ಇಷ್ಟು. ಹಳೆಯ ಕರಿಮದ್ದಿನ ಕಾಲ ಹೋಗಿ, 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಇದರಲ್ಲಿ ಬೇಗ ಉರಿಯುವುದುಂಟು, ನಿಧಾನವಾಗಿ ಉರಿಯುವುದುಂಟು. ಹಂಡೆಯ ಒಲೆ ಹಚ್ಚಿದವರಿಗೆ ಇದು ಸುಲಭವಾಗಿ ಅರ್ಥವಾದೀತು: ತೆಂಗಿನ ಗರಿ ಭಗ್ಗನೆ ಉರಿದು ಮುಗಿಯುತ್ತದೆ, ಹುಣಸೆಯ ಕೊರಡು ಬಹಳ ಹೊತ್ತು ಕಾಯುತ್ತದೆ. ಪಿಸ್ತೂಲಿನ ನಳಿಗೆ ಗಿಡ್ಡ. ಅದಕ್ಕೆ ಬೇಗ ಉರಿಯುವ ಮದ್ದು. ರೈಫಲಿನ ನಳಿಗೆ ಉದ್ದ, ಅದಕ್ಕೆ ನಿಧಾನದ್ದು. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಕೋವಿಯೇ ಒಡೆದು ಕೈ ಹೋದೀತು.

ತೂಕವೋ, ಗ್ರೇನಿನ ಲೆಕ್ಕ. ಒಂದು ಗ್ರಾಮಿಗೆ 15 ಗ್ರೇನಿಗೂ ಹೆಚ್ಚು. ಅಂದರೆ ನಮ್ಮ ಅಕ್ಕಸಾಲಿಯ ಗುಲಗಂಜಿಯ ಅರ್ಧದಷ್ಟು! ಮದ್ದು ಸ್ವಲ್ಪವೇ ಸಾಕಾಗುವುದರಿಂದ, ಮೈಮರೆತು ಎರಡು ಸಲ ಸುರಿದರೂ ತೋಟಾದೊಳಗೆ ಕಾಣಿಸದೆ ಹೋಗಬಹುದು. ಆದ್ದರಿಂದ ತಿಳಿದವರು, ಎರಡು ಸಲ ಹಾಕಿದರೆ ಉಕ್ಕಿ ಹೊರಗೆ ಚೆಲ್ಲುವಂಥ ಉಬ್ಬು ಮದ್ದನ್ನೇ ಆರಿಸುತ್ತಾರಂತೆ. ತಪ್ಪು ಕಣ್ಣಿಗೆ ಬೀಳಲಿ ಎಂದು!

"ಅಪ್ಪ, ನಾವೂ ಮಾಡೋಣವೇ?" ಎಂದ ಮಗ.

ನಾನು ಗದರಿಸಲಿಲ್ಲ. ಗದರಿಸಿದರೆ ಹುಡುಗರು ಕದ್ದು ನೋಡುತ್ತಾರೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲವೆಂದು ಹೇಳಿದೆ. "ಕೊಡಗಿನವರಿಗೆ ಉಂಟಲ್ಲ?" ಎಂದ. ಹೌದು, ಕೈಲ್ ಪೊಳ್ದಿಗೆ ಕೋವಿಯನ್ನು ಪೂಜಿಸುವ ಆ ನಾಡಿಗೆ ವಿನಾಯಿತಿ ಇದೆ; 2019ರಲ್ಲಿ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ತೋಟಾ ಕಟ್ಟುವುದಕ್ಕಲ್ಲ. ಊಟಿಯ ಪುಟ್ಟ ರೈಲಿನಲ್ಲಿ ಹೋಗುವಾಗ ಕೂನೂರು ದಾಟಿದ ಮೇಲೆ ಸಿಗುವ ಅರುವಂಕಾಡಿನಲ್ಲಿ ಮದ್ದಿನ ಕಾರ್ಖಾನೆಯೇ ಇದೆ. ಆ ಕೆಲಸಕ್ಕೆ ತಕ್ಕ ಜಾಗ ಅಂಥದು, ನಮ್ಮ ಫ್ಲಾಟಿನ ಬಾಲ್ಕನಿಯಲ್ಲ.

ಮರುವಾರ ಕಂಚಿಗೆ ಹೋದಾಗ ಪೊಳ್ಳಿಲೂರಿನ ಕಥೆ ಹೇಳಿದೆ. 1780ರ ಸೆಪ್ಟೆಂಬರ್ 10ರಂದು ಅಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೇನೆಯ ಎದುರು ಕರ್ನಲ್ ಬೇಲಿಯ ಇಂಗ್ಲಿಷ್ ದಂಡು ಸೋತಿತು. ಕಾದಾಟದ ನಡುವೆ ಅವರ ಮದ್ದಿನ ಬಂಡಿಗಳೇ ಸಿಡಿದವು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಚಿತ್ರವನ್ನು ಮಗ ಹಿಂದೆಯೇ ನೋಡಿದ್ದ. "ಯುದ್ಧ ಬಲ್ಲ ಸಿಪಾಯಿಗಳ ಮದ್ದೇ ಅವರಿಗೆ ಎದುರಾಯಿತು" ಎಂದೆ. ಹುಡುಗ ಸುಮ್ಮನಾದ.

ಆಸೆಯನ್ನು ಮಾತ್ರ ಕೊಲ್ಲಲಿಲ್ಲ. ಗಾಳಿ ಪಿಸ್ತೂಲಿಗೆ ಮದ್ದೇ ಬೇಡ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯದ ವಿಶ್ವಕಪ್ಪಿನಲ್ಲಿ ಕಂಚು ಗೆದ್ದದ್ದೂ, ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪದಕ ಪಡೆದದ್ದೂ 10 ಮೀಟರ್ ಗಾಳಿ ಪಿಸ್ತೂಲಿನಲ್ಲೇ. ಈಗ ಮಗ ಭಾನುವಾರ ಬೆಳಿಗ್ಗೆ ಗುರುಗಳ ಎದುರು ಉಸಿರು ಹಿಡಿದು ಗುರಿಯಿಡುವುದನ್ನು ಕಲಿಯುತ್ತಿದ್ದಾನೆ. ಅವನ ತಾಯಿಗೂ ನೆಮ್ಮದಿ.

ಮದ್ದು ಯಾವುದೇ ಆಗಲಿ, ಬಲ್ಲವರ ಕೈಯಲ್ಲಿ, ತಕ್ಕ ಅಳತೆಯಲ್ಲಿ ಇರಬೇಕು. ಮಕ್ಕಳಿಗೆ ಹೇಳುವ ಬುದ್ಧಿಮಾತಿಗೂ ಇದೇ ಹದ ಸಲ್ಲುತ್ತದೆ, ಅಲ್ಲವೇ?