ಗಲ್ಲಿನ ಜಡ್ಜ್ ಹೇಳಿದ ಮಾತು ಕೇಳಿದ್ದೀರಾ?

ಒಬ್ಬ ನ್ಯಾಯಾಧೀಶರು ಇಡೀ ಜೀವಮಾನದಲ್ಲಿ ಎಷ್ಟು ಜನರಿಗೆ ಮರಣದಂಡನೆ ವಿಧಿಸಿಯಾರು? ಊಹಿಸಿ! ಐದು? ಹತ್ತು? ಹೋಗಲಿ, ಇಪ್ಪತ್ತು?

ಉತ್ತರ ಈಗಲೇ ಹೇಳಲಾರೆ. ಮೊದಲು ಆ ಮನುಷ್ಯನನ್ನು ನೋಡಿ.

ಐಸಾಕ್ ಪಾರ್ಕರ್. ಹುಟ್ಟಿದ್ದು 1838ರಲ್ಲಿ, ಅಮೆರಿಕದ ಒಹಾಯೊದಲ್ಲಿ. ವಕೀಲರಾದರು, ಸಂಸದರಾದರು. 1875ರಲ್ಲಿ ಅಧ್ಯಕ್ಷ ಗ್ರಾಂಟ್ ಇವರನ್ನು ಅರ್ಕಾನ್ಸಾದ ಫೋರ್ಟ್ ಸ್ಮಿತ್ ಊರಿಗೆ ಫೆಡರಲ್ ಜಡ್ಜ್ ಮಾಡಿ ಕಳಿಸಿದರು. ವಯಸ್ಸು ಬರೀ 36!

ಊರು ಚಿಕ್ಕದು. ಆದರೆ ಕೋರ್ಟಿನ ವ್ಯಾಪ್ತಿ? ಪಕ್ಕದ ಇಂಡಿಯನ್ ಟೆರಿಟರಿಯೂ, ಅಂದರೆ ಇಂದಿನ ಒಕ್ಲಹೋಮದ ಸೀಮೆಯೂ ಸೇರಿ ಸುಮಾರು 74,000 ಚದರ ಮೈಲಿ. ನಮ್ಮ ಇಡೀ ಕರ್ನಾಟಕದಷ್ಟು! ಅಷ್ಟಕ್ಕೂ ಒಬ್ಬರೇ ಜಡ್ಜ್!

ಅಲ್ಲಿನ ಬುಡಕಟ್ಟುಗಳಿಗೆ ಅವರವರದೇ ನ್ಯಾಯಾಲಯಗಳಿದ್ದವು. ಆದರೆ ಹೊರಗಿನಿಂದ ಬಂದವರನ್ನು ವಿಚಾರಿಸುವ ಅಧಿಕಾರ ಅವಕ್ಕಿರಲಿಲ್ಲ. ಇನ್ನೇನು ಬೇಕು? ಎಲ್ಲೆಲ್ಲಿಯ ಕೊಲೆಗಡುಕರೂ ದರೋಡೆಕೋರರೂ ಓಡಿಬಂದು ಅಡಗುತ್ತಿದ್ದದ್ದು ಅಲ್ಲೇ!

ಅವರನ್ನು ಹಿಡಿಯುವ ಡೆಪ್ಯುಟಿ ಮಾರ್ಷಲ್‌ಗಳ ಪಾಡು ಕೇಳಿ. ಸಂಬಳವಿಲ್ಲ. ಮೈಲಿಗಿಷ್ಟು, ಹಿಡಿದ ತಲೆಗಿಷ್ಟು ಎಂದು ಪುಡಿಗಾಸು. ಬೆನ್ನಟ್ಟುವಾಗ ಆರೋಪಿ ಸತ್ತನೋ, ಬರಬೇಕಾದ ಕಾಸೂ ಹೋಯಿತು! ಸಾಲದ್ದಕ್ಕೆ ಹೆಣ ಹೂಳುವ ಖರ್ಚೂ ಎಷ್ಟೋ ಸಲ ಇವರ ತಲೆಗೇ! ಪಾರ್ಕರ್ ಕಾಲದಲ್ಲಿ ಇಂಥ 60ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು.

ಈ ಡೆಪ್ಯುಟಿ ಮಾರ್ಷಲ್‌ಗಳಲ್ಲೊಬ್ಬ ಬಾಸ್ ರೀವ್ಸ್. ಗುಲಾಮನಾಗಿ ಹುಟ್ಟಿದ ಕಪ್ಪು ಮನುಷ್ಯ. ಓದು ಬರಹ ಬಾರದು. ಹಾಗಾದರೆ ವಾರಂಟ್? ಬೇರೆಯವರಿಂದ ಓದಿಸಿ, ಬಾಯಿಪಾಠ ಮಾಡಿಕೊಂಡು ಹೊರಡುತ್ತಿದ್ದ! ಹೀಗೇ 3,000 ಜನರನ್ನು ಹಿಡಿದನೆಂಬ ಖ್ಯಾತಿ. ನನ್ನ ಕೇಳಿದರೆ ಸಿನಿಮಾ ಆಗಬೇಕಾದದ್ದು ಮೊದಲು ಇವನ ಕಥೆ!

ಹಿಡಿದು ತಂದವರನ್ನು ತುಂಬುತ್ತಿದ್ದದ್ದು ಕೋರ್ಟ್ ಕಟ್ಟಡದ ನೆಲಮಾಳಿಗೆಗೆ. ಎರಡೇ ಕೋಣೆ. ಕದ್ದು ಸಾರಾಯಿ ಮಾರಿದವನೂ ಕೊಲೆಗಾರನೂ ಒಟ್ಟಿಗೆ, ಕಲ್ಲುನೆಲದ ಮೇಲೆ. ಥಂಡಿ, ಕತ್ತಲು, ಗಬ್ಬುನಾತ. ತಲೆಯ ಮೇಲೆಯೇ ವಿಚಾರಣೆ!

1875ರ ಸೆಪ್ಟೆಂಬರ್ 3. ಪಾರ್ಕರ್ ಬಂದು ನಾಲ್ಕು ತಿಂಗಳೂ ಸರಿಯಾಗಿ ಕಳೆದಿರಲಿಲ್ಲ. ಗಲ್ಲುಗಂಬದ ಮುಂದೆ ಸಾವಿರಾರು ಜನ. ಹಲಗೆ ಸರಿಯಿತು. ಒಬ್ಬನಲ್ಲ, ಇಬ್ಬರಲ್ಲ, ಒಂದೇ ಸಲಕ್ಕೆ ಆರು ಮಂದಿ! ‘ಗಲ್ಲಿನ ಜಡ್ಜ್’ ಎಂಬ ಹೆಸರು ಅಂಟಿತು. ಮತ್ತೆ ಬಿಡಲಿಲ್ಲ.

ಈಗ ಲೆಕ್ಕ. 21 ವರ್ಷದಲ್ಲಿ 13,000ಕ್ಕೂ ಹೆಚ್ಚು ಪ್ರಕರಣ! ಮರಣದಂಡನೆ? 160 ಜನರಿಗೆ! ಎಲ್ಲರೂ ನೇಣಿಗೇರಿದರೇ? ಇಲ್ಲ, 79 ಮಂದಿ. ಉಳಿದವರಲ್ಲಿ ಹೆಚ್ಚಿನವರ ಪ್ರಾಣ ಉಳಿಸಿದ್ದು ಅಧ್ಯಕ್ಷರ ದಯೆ, ಇಲ್ಲವೇ ಸುಪ್ರೀಂ ಕೋರ್ಟು. ಅದೂ ಹೇಗೆ? 1889ರವರೆಗೆ ಪಾರ್ಕರ್ ಕೊಟ್ಟ ಗಲ್ಲುಶಿಕ್ಷೆಯ ಮೇಲೆ ಮೇಲ್ಮನವಿಯೇ ಇರಲಿಲ್ಲ! ಆ ಬಾಗಿಲು ತೆರೆದದ್ದೇ ತಡ, ಅಲ್ಲಿಗೆ ಹೋದ ತೀರ್ಪುಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಬಿದ್ದುಹೋದವು. ಜಡ್ಜ್ ಸಾಹೇಬರಿಗೆ ಬಂದ ಕೋಪ ಅಷ್ಟಿಷ್ಟಲ್ಲ.

ಇಷ್ಟೆಲ್ಲ ಕೇಳಿ ನಿಮಗೇನನ್ನಿಸಿತು? ರಕ್ತಪಿಪಾಸು ಎಂದೇ? ತಡೆಯಿರಿ!

ಕೊಲೆ, ಅತ್ಯಾಚಾರಗಳಿಗೆ ಆಗಿನ ಫೆಡರಲ್ ಕಾನೂನಿನಲ್ಲಿ ಇದ್ದದ್ದು ಒಂದೇ ಶಿಕ್ಷೆ. ಜ್ಯೂರಿ ‘ಅಪರಾಧಿ’ ಎಂದರೆ ಮುಗಿಯಿತು, ಜಡ್ಜ್ ಕೈಯಲ್ಲಿ ಆಯ್ಕೆಯೇ ಇಲ್ಲ!

1896ರಲ್ಲಿ ಪಾರ್ಕರ್ ಹಾಸಿಗೆ ಹಿಡಿದರು. ಸೆಪ್ಟೆಂಬರ್ 1ಕ್ಕೆ ಇಂಡಿಯನ್ ಟೆರಿಟರಿ ಅವರ ಕೋರ್ಟಿನ ಕೈತಪ್ಪಿತು. ನವೆಂಬರ್ 17ಕ್ಕೆ ಅವರೇ ಇಲ್ಲ. ಆ ನಡುವೆ ಕಾಯಿಲೆಯಲ್ಲಿ ಮಲಗಿದ್ದವರು ಪತ್ರಕರ್ತೆಯೊಬ್ಬರಿಗೆ ಏನೆಂದರು ಗೊತ್ತೇ? ತಪ್ಪು ಮಾಡಿದವನಿಗೆ ಶಿಕ್ಷೆ ಖಂಡಿತ ಆಗುತ್ತದೆ ಎಂಬ ಭರವಸೆ ಇರುವುದಾದರೆ, ಮರಣದಂಡನೆಯನ್ನೇ ರದ್ದು ಮಾಡುವುದಕ್ಕೆ ತಮ್ಮ ಒಪ್ಪಿಗೆ ಇದೆಯಂತೆ!