ಲೇತ್ ಯಂತ್ರವೂ ಗಣಕಯಂತ್ರವೂ: ಕಾಯಕದ ಒರೆಗಲ್ಲು

ಪೀಣ್ಯದ ಸಮೀಪದ ಬಡಾವಣೆಯೊಂದರಲ್ಲಿ ನಡೆದ ಶಿವಾನುಭವಗೋಷ್ಠಿಯ ಕೊನೆಯಲ್ಲಿ ತಾಯಿಯೊಬ್ಬರು ಎದ್ದುನಿಂತು ಕೇಳಿದ ಪ್ರಶ್ನೆ ನಮ್ಮನ್ನು ಬಹುದಿನ ಕಾಡಿತು. "ಶಾಸ್ತ್ರಿಗಳೇ, ನಮ್ಮ ಮನೆಯವರು ಇಲ್ಲಿ ಎರಡು ಲೇತ್ ಇಟ್ಟುಕೊಂಡು ನಾಲ್ವರಿಗೆ ಕೆಲಸ ಕೊಟ್ಟಿದ್ದಾರೆ. ಅದನ್ನು ಕಾಯಕವೆನ್ನುತ್ತೀರಿ. ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾನೆ. ರಾತ್ರಿಯೆಲ್ಲ ದುಡಿಯುತ್ತಾನೆ, ನಾಳೆ ಕೆಲಸ ಉಳಿಯುವುದೋ ಇಲ್ಲವೋ ಎಂದು ಹೆದರುತ್ತಾನೆ. ಅವನದು ಕಾಯಕವೋ, ಬರಿಯ ಕೂಲಿಯೋ?"

ಅಂದು ನಾವು ಕೊಟ್ಟ ಉತ್ತರ ನಮಗೇ ತೃಪ್ತಿ ತರಲಿಲ್ಲ. ಆದುದರಿಂದ ಈ ಲೇಖನ.

ಇಂದಿನ ಎಲೆಕ್ಟ್ರಾನಿಕ್ ಸಿಟಿ ಹಿಂದೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ನೆಲವಾಗಿತ್ತು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರು ಅಲ್ಲಿ ವಿದ್ಯುನ್ಮಾನ ಕೈಗಾರಿಕೆಗಳ ನಗರವೊಂದನ್ನು ಕಂಡರು. 1978ರಲ್ಲಿ 332 ಎಕರೆಯಲ್ಲಿ ಅದು ಆರಂಭವಾಯಿತು. ಊರಿನಿಂದ ಅಷ್ಟು ದೂರಕ್ಕೆ ಯಾರು ಬಂದಾರೆಂದು ಅನುಮಾನಿಸಬಹುದಾಗಿದ್ದ ಕಾಲವದು. ಬಾಳಿಗರು 1988ರಲ್ಲಿ ತೀರಿಕೊಂಡರು. ತಾವು ನೆಟ್ಟ ಮರದ ಫಲವನ್ನು ಅವರು ಕಾಣಲಿಲ್ಲ. ಫಲವನ್ನು ಪರರಿಗೆ ಬಿಟ್ಟು ಬೀಜ ಬಿತ್ತುವವನೇ ನಿಜವಾದ ನಾಯಕನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

1981ರಲ್ಲಿ ಪುಣೆಯಲ್ಲಿ ಏಳು ಮಂದಿ ಹತ್ತು ಸಾವಿರ ರೂಪಾಯಿಗಳ ಮೂಲಧನದಿಂದ ಹುಟ್ಟುಹಾಕಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. 1994ರಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆಯೂರಿತು. ಆ ಮೂಲಧನ ಎನ್. ಆರ್. ನಾರಾಯಣಮೂರ್ತಿಯವರ ಪತ್ನಿ ಸುಧಾಮೂರ್ತಿಯವರ ಉಳಿತಾಯದ ಹಣವೆಂಬುದನ್ನು ಗೃಹಿಣಿಯರು ಮರೆಯಬಾರದು. ನೌಕರರಿಗೂ ಷೇರುಗಳನ್ನು ಹಂಚಿ ಅವರನ್ನು ಪಾಲುದಾರರನ್ನಾಗಿಸಿದ್ದು ಆ ಸಂಸ್ಥೆಯ ಗಮನಾರ್ಹ ಹೆಜ್ಜೆ. ಇತ್ತ ಪೀಣ್ಯದ ಕಥೆ ಬೇರೆ. ಅಲ್ಲಿ ಗಾಜಿನ ಸೌಧಗಳು ವಿರಳ. ಸಣ್ಣ ಸಣ್ಣ ಷೆಡ್ಡುಗಳು, ಎಣ್ಣೆ ಮೆತ್ತಿದ ಕೈಗಳು. ಯಂತ್ರಕ್ಕೆ ಬೇಕಾದ ಬಿಡಿಭಾಗವನ್ನು ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಕಡೆಯುವ ಟರ್ನರನ ಕೌಶಲವನ್ನು ಯಾವ ಪದವಿಯೂ ಅಳೆಯಲಾರದು.

ಹಾಗಾದರೆ ನಾಯಕತ್ವವೆಂದರೇನು? ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಸ್ಮರಿಸೋಣ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅನುಭವ ಮಂಟಪದ ಪೀಠದಲ್ಲಿ ತಾವು ಕೂರಲಿಲ್ಲ. ಶೂನ್ಯಸಿಂಹಾಸನವನ್ನು ಅಲ್ಲಮಪ್ರಭುಗಳಿಗೆ ಬಿಟ್ಟುಕೊಟ್ಟರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದವರ ಮಾತಿಗೆ ಅಲ್ಲಿ ಮಂತ್ರಿಯ ಮಾತಿನಷ್ಟೇ ತೂಕವಿತ್ತು. ಹೊಸ ವಿಚಾರ ಹುಟ್ಟುವುದು ಇಂತಹ ಕಡೆಯಲ್ಲಿ. ಯಂತ್ರದ ದೋಷ ಮೊದಲು ತಿಳಿಯುವುದು ಅದರ ಮುಂದೆ ನಿಂತವನಿಗೆ. ಅವನು ಬಾಯಿ ತೆರೆಯಲು ಹೆದರುವ ಕಾರ್ಖಾನೆಯಲ್ಲಿ ಎಷ್ಟು ತಜ್ಞರಿದ್ದರೂ ಹೊಸತು ಹುಟ್ಟದು.

ಇನ್ನು ಗಳಿಕೆಯ ಮಾತು. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ದಂಪತಿಗಳು ಅದರಿಂದ ನಿತ್ಯ ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಇಂದಿನ ಸಂಸ್ಥೆಗಳು ಲೆಕ್ಕ ತಪಾಸಣೆಗೆ ಅಪಾರ ಹಣ ವ್ಯಯಿಸುತ್ತವೆ. ಅಂತಹ ತಪಾಸಣೆ ಅಂದು ಅಡುಗೆಮನೆಯಲ್ಲಿಯೇ ನಡೆದಿತ್ತು.

2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ಇದು ಸ್ವಾಗತಾರ್ಹ. ಆದರೆ ಇದನ್ನೇ ದಾಸೋಹವೆಂದು ಭ್ರಮಿಸಲಾಗದು. ಲಾಭ ಗಳಿಸಿದ ಮೇಲೆ ಕೊಡುವುದು ದಾನ. ಗಳಿಸುವ ಬಗೆಯಲ್ಲಿಯೇ ಶುದ್ಧಿಯಿರಿಸಿ, ಕೊಡುವಾಗ 'ನಾನು ಕೊಟ್ಟೆ' ಎಂಬುದನ್ನು ಮರೆಯುವುದು ದಾಸೋಹ. ಕೆಲಸಗಾರನ ವೇತನವನ್ನು ತಡೆಹಿಡಿದು ಜಾತ್ರೆಗೆ ದೇಣಿಗೆ ಬರೆಸುವ ಯಜಮಾನನು, ಅವನು ನಮ್ಮವನೇ ಆಗಿದ್ದರೂ, ಶರಣರ ಪಂಕ್ತಿಯಲ್ಲಿ ಕೂರಲಾರ.

ಈಗ ಆ ತಾಯಿಗೆ ಉತ್ತರ. ಅಮ್ಮಾ, ನಿಮ್ಮ ಮಗ ಯಾರನ್ನೂ ವಂಚಿಸದೆ, ಕೈಗೆ ಬಂದ ಕೆಲಸವನ್ನು ಮನವಿಟ್ಟು ಮಾಡಿದರೆ ಅದು ಕಾಯಕವೇ. ಅವನ ಭಯ ಅವನ ಕಾಯಕದ ಕುಂದಲ್ಲ. ದುಡಿಯುವವರನ್ನು ಭಯದಲ್ಲಿರಿಸಿ ದುಡಿಸಿಕೊಳ್ಳುವವರ ಕಾಯಕದ ಕುಂದು. ನಾಳೆ ಹುದ್ದೆ ಹೋದರೂ ಕಾಯಕ ಹೋಗುವುದಿಲ್ಲ. ಹುದ್ದೆಯನ್ನು ಕೊಡುವವರು, ಕಿತ್ತುಕೊಳ್ಳುವವರು ಬೇರೆಯವರು; ಕಾಯಕ ನಮ್ಮದು.

ಆದರೆ ಮನೆಯವರಿಗೂ ಒಂದು ಮಾತುಂಟು. ವರನನ್ನು ನೋಡುವಾಗ ನಾವು ಮೊದಲು ಕೇಳುವುದು ಸಂಬಳವನ್ನು. ಲೇತ್ ನಡೆಸುವ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುವವರು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ವೇದಿಕೆಯಲ್ಲಿ ನುಡಿದರೇನು ಫಲ? ಕೆಲಸ ಕಳೆದುಕೊಂಡ ಮಗ ಮನೆಗೆ ಬಂದ ದಿನ ಅವನ ತಟ್ಟೆಗೆ ಎಂದಿನಂತೆಯೇ ರೊಟ್ಟಿ ಬೀಳಲಿ, ಎಂದಿನಂತೆಯೇ ಮಾತು ಸಾಗಲಿ. ಅಂತಹ ಮನೆಯಲ್ಲಿ ಬೆಳೆದವನು ಮುಂದೆ ನಾಲ್ವರಿಗೆ ಯಜಮಾನನಾದಾಗ, ಅವರನ್ನು ಹೆದರಿಸಿ ದುಡಿಸಿಕೊಳ್ಳಲಾರ.